ಅಗ್ಗದ ಬಾಳೆಹಣ್ಣಿನ ದುಬಾರಿ ಲೆಕ್ಕ

ಬ್ರಿಟನ್ನಿನ ಸೂಪರ್‌ಮಾರ್ಕೆಟ್‌ಗಳ ಹಣ್ಣಿನ ವಿಭಾಗದಲ್ಲಿ ಬಹುಕಾಲದಿಂದ ಒಂದು ವಿಚಿತ್ರ ನಡೆದುಬಂದಿದೆ. ಅದೇ ದೇಶದ ಕೆಂಟ್ ಸೀಮೆಯ ತೋಟದಲ್ಲಿ ಬೆಳೆದ ಸೇಬಿಗಿಂತ, ಈಕ್ವೆಡಾರ್‌ನಿಂದಲೋ ಕೊಲಂಬಿಯಾದಿಂದಲೋ ಸಾಗರ ದಾಟಿ ಬಂದ ಬಾಳೆಹಣ್ಣು ಅಲ್ಲಿ ಅಗ್ಗ. ಕಾಯಿಯಾಗಿರುವಾಗಲೇ ಗೊನೆ ಕಡಿದು, ತೊಳೆದು, ಪೆಟ್ಟಿಗೆಗೆ ತುಂಬಿ, ಶೀತಲ ಹಡಗಿನಲ್ಲಿ ವಾರಗಟ್ಟಲೆ ಸಾಗಿಸಿ, ದಡ ಮುಟ್ಟಿದ ಮೇಲೆ ಎಥಿಲೀನ್ ಅನಿಲದ ಕೋಣೆಗಳಲ್ಲಿ ಹಣ್ಣು ಮಾಡಿ ಅಂಗಡಿಗೆ ತಲುಪಿಸುವ ಈ ದೀರ್ಘ ಪಯಣದ ವೆಚ್ಚವೆಲ್ಲ ಸೇರಿದ ಮೇಲೂ ಅದು ಅಗ್ಗ. ಅರ್ಥಶಾಸ್ತ್ರವನ್ನು ಓದಿದ ಯಾರಿಗಾದರೂ ಇಲ್ಲಿ ಒಂದು ಅನುಮಾನ ಮೂಡಬೇಕು. ಯಾವ ವಸ್ತುವೂ ತಾನಾಗಿಯೇ ಇಷ್ಟು ಅಗ್ಗವಾಗುವುದಿಲ್ಲ. ಅದರ ಬೆಲೆಯ ಒಂದು ಭಾಗವನ್ನು ಗ್ರಾಹಕನಲ್ಲದೆ ಮತ್ತೆ ಯಾರೋ ತೆರುತ್ತಿರಬೇಕು.

ಆ 'ಮತ್ತೆ ಯಾರೋ' ಯಾರು ಎಂಬ ಪ್ರಶ್ನೆ ಯೂರೋಪಿನಲ್ಲಿ ಎರಡು ದಶಕಗಳಿಂದ ಚರ್ಚೆಯಲ್ಲಿದೆ. ವಿದೇಶಿ ಹಣ್ಣುಗಳು ನಮ್ಮ ನಗರಗಳ ಅಂಗಡಿಗಳಲ್ಲೂ ರಾಶಿ ಬೀಳುತ್ತಿರುವ ಈ ಹೊತ್ತಿನಲ್ಲಿ ಆ ಚರ್ಚೆಯಿಂದ ನಾವು ಕಲಿಯಬೇಕಾದದ್ದು ಸಾಕಷ್ಟಿದೆ.

ಬೆಲೆ ಇಳಿದ ಕಥೆಯಿಂದಲೇ ಆರಂಭಿಸೋಣ. ಅಂಗಡಿಯಲ್ಲಿ ಸಾವಿರಾರು ವಸ್ತುಗಳಿದ್ದರೂ ಗ್ರಾಹಕನ ನೆನಪಿನಲ್ಲಿ ಉಳಿಯುವುದು ಹಾಲು, ಬ್ರೆಡ್ಡು, ಬಾಳೆಹಣ್ಣಿನಂಥ ಕೆಲವೇ ವಸ್ತುಗಳ ಬೆಲೆ. ಇವು ಅಗ್ಗವಾಗಿದ್ದರೆ ಇಡೀ ಅಂಗಡಿಯೇ ಅಗ್ಗವೆಂದು ಆತ ಭಾವಿಸುತ್ತಾನೆ. ಆದ್ದರಿಂದ ವ್ಯಾಪಾರಿ ಸಂಸ್ಥೆಗಳು ಬಾಳೆಹಣ್ಣನ್ನು ಗಿರಾಕಿಯನ್ನು ಸೆಳೆಯುವ ಗಾಳದಂತೆ ಬಳಸುತ್ತವೆ. 2002ರಲ್ಲಿ, ಅಂದು ವಾಲ್‌ಮಾರ್ಟ್ ಒಡೆತನದಲ್ಲಿದ್ದ ಆಸ್ಡಾ ಬಾಳೆಹಣ್ಣಿನ ಬೆಲೆಯನ್ನು ಇಳಿಸಿತು. ಟೆಸ್ಕೊ ಮೊದಲಾದ ಪ್ರತಿಸ್ಪರ್ಧಿಗಳು ಹಿಂಬಾಲಿಸಿದವು. ಆಮೇಲೆ ದರಸಮರ ಮತ್ತೆ ಮತ್ತೆ ನಡೆಯಿತು. ಹತ್ತು ವರ್ಷಗಳ ಹಿಂದೆ ಸುಮಾರು 18 ಪೆನ್ನಿಗೆ ಮಾರಾಟವಾಗುತ್ತಿದ್ದ ಒಂದು ಬಾಳೆಹಣ್ಣು 11 ಪೆನ್ನಿಗೆ ಇಳಿದಿದೆಯೆಂದೂ, ಇದೇ ಅವಧಿಯಲ್ಲಿ ಅದನ್ನು ಬೆಳೆಯುವ ವೆಚ್ಚ ಇಮ್ಮಡಿಯಾಗಿದೆಯೆಂದೂ ಬ್ರಿಟನ್ನಿನ ಫೇರ್‌ಟ್ರೇಡ್ ಫೌಂಡೇಶನ್ 2014ರಲ್ಲಿ ಎತ್ತಿ ತೋರಿಸಿತು. ರಿಯಾಯಿತಿ ಘೋಷಿಸಿದವರು ಒಬ್ಬರು, ಅದರ ಭಾರ ಹೊತ್ತವರು ಇನ್ನೊಬ್ಬರು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಭಾರ ಹೊತ್ತವರ ಸ್ಥಿತಿ ದಾಖಲೆಗಳಲ್ಲಿದೆ. ಜಗತ್ತಿನ ಅತಿದೊಡ್ಡ ಬಾಳೆ ರಫ್ತುದಾರ ದೇಶವಾದ ಈಕ್ವೆಡಾರ್‌ನ ತೋಟಗಳಲ್ಲಿ ಹತ್ತು ಹನ್ನೆರಡು ವರ್ಷದ ಮಕ್ಕಳು ದುಡಿಯುತ್ತಿದ್ದುದನ್ನೂ, ಮೇಲಿನಿಂದ ವಿಮಾನಗಳು ಶಿಲೀಂಧ್ರನಾಶಕ ಸಿಂಪಡಿಸುವಾಗಲೂ ಅವರು ತೋಟದಲ್ಲೇ ಇರುತ್ತಿದ್ದುದನ್ನೂ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2002ರಲ್ಲಿ ವರದಿ ಮಾಡಿತು. ಡಿಬಿಸಿಪಿ ಎಂಬ ಜಂತುನಾಶಕವನ್ನು ತಯಾರಿಸುತ್ತಿದ್ದ ಕ್ಯಾಲಿಫೋರ್ನಿಯಾದ ಕಾರ್ಖಾನೆಯ ಗಂಡಸರಲ್ಲಿ ಬಂಜೆತನ ಕಂಡುಬಂದದ್ದು 1977ರಲ್ಲಿ. ಅದು ತಿಳಿದ ಮೇಲೂ ಮಧ್ಯ ಅಮೆರಿಕದ ಕೆಲವು ಬಾಳೆ ತೋಟಗಳಲ್ಲಿ ಅದರ ಬಳಕೆ ನಿಲ್ಲಲಿಲ್ಲ. ಕ್ಲೋರ್ಡೆಕೋನ್ ಎಂಬ ಇನ್ನೊಂದು ಕೀಟನಾಶಕವನ್ನು ಫ್ರಾನ್ಸ್ 1990ರಲ್ಲಿ ನಿಷೇಧಿಸಿತು. ಆದರೆ ತನ್ನದೇ ಆಡಳಿತದ ಮಾರ್ಟಿನೀಕ್ ಮತ್ತು ಗ್ವಾಡೆಲೂಪ್ ದ್ವೀಪಗಳ ಬಾಳೆ ತೋಟಗಳಿಗೆ 1993ರವರೆಗೆ ವಿನಾಯಿತಿ ಕೊಟ್ಟಿತು. ಇಂದು ಆ ದ್ವೀಪಗಳ ವಯಸ್ಕರಲ್ಲಿ ಶೇಕಡ 90ಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಆ ವಿಷದ ಅಂಶವಿದೆ. ಕೊಲಂಬಿಯಾದಲ್ಲಿ ಹಿಂಸಾಚಾರಕ್ಕೆ ಕುಖ್ಯಾತವಾದ ಖಾಸಗಿ ಸಶಸ್ತ್ರ ಪಡೆಗೆ ಹಣ ಸಂದಾಯ ಮಾಡಿದ್ದನ್ನು ಚಿಕೀಟಾ ಕಂಪೆನಿಯು 2007ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಒಪ್ಪಿಕೊಂಡು 2.5 ಕೋಟಿ ಡಾಲರ್ ದಂಡ ತೆತ್ತಿತು. ಆ ಪಡೆಯ ಕೈಯಲ್ಲಿ ಹತರಾದ ಎಂಟು ಮಂದಿಯ ಕುಟುಂಬಗಳಿಗೆ 3.83 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ಫ್ಲೋರಿಡಾದ ಜ್ಯೂರಿ 2024ರಲ್ಲಿ ತೀರ್ಪಿತ್ತಿತು.

ಇವುಗಳಲ್ಲಿ ಯಾವುದನ್ನೂ ಸೂಪರ್‌ಮಾರ್ಕೆಟ್‌ಗಳು ತಮ್ಮ ಕೈಯಾರೆ ಮಾಡಲಿಲ್ಲ ಎಂಬುದು ನಿಜ. ಹಾಗಿದ್ದರೆ ಅವುಗಳ ಹೊಣೆ ಎಲ್ಲಿಂದ ಬಂತು? ನಾನು ವಿದ್ಯಾರ್ಥಿಯಾಗಿದ್ದಾಗ ಅರ್ಥಶಾಸ್ತ್ರದ ಪಠ್ಯಪುಸ್ತಕಗಳು ಮಾರಾಟಗಾರನ ಏಕಸ್ವಾಮ್ಯವನ್ನು ಅಧ್ಯಾಯಗಟ್ಟಲೆ ವಿವರಿಸುತ್ತಿದ್ದವು. ಕೊಳ್ಳುವವನ ಏಕಸ್ವಾಮ್ಯಕ್ಕೆ ಮೀಸಲಾಗಿದ್ದುದು ಒಂದೆರಡು ಪುಟ ಮಾತ್ರ. ಇಂದಿನ ಹಣ್ಣಿನ ವ್ಯಾಪಾರ ಅರ್ಥವಾಗಬೇಕಾದರೆ ಓದಬೇಕಾದದ್ದು ಆ ಒಂದೆರಡು ಪುಟಗಳನ್ನೇ. ಬ್ರಿಟನ್ನಿನ ದಿನಸಿ ವಹಿವಾಟಿನ ಸುಮಾರು ಮೂರನೇ ಎರಡು ಭಾಗ ನಾಲ್ಕು ಸಂಸ್ಥೆಗಳ ಕೈಯಲ್ಲಿದೆ. ಒಂದು ಕಡೆ ಲಕ್ಷಾಂತರ ಬೆಳೆಗಾರರು ಮತ್ತು ಕೂಲಿಕಾರರು, ಇನ್ನೊಂದು ಕಡೆ ಕೋಟ್ಯಂತರ ಗ್ರಾಹಕರು, ನಡುವೆ ಬೆರಳೆಣಿಕೆಯ ಖರೀದಿದಾರರು. ಇಂಥ ಕಡೆ ಬೆಲೆಯನ್ನು ಕಟ್ಟುವವನು ಖರೀದಿದಾರನೇ. ಗೊನೆ ಕಡಿದು ಎರಡು ದಿನ ಇಟ್ಟುಕೊಳ್ಳಲಾಗದ ರೈತನಿಗೆ ಚೌಕಾಶಿ ಮಾಡುವ ಶಕ್ತಿ ಇರುವುದಿಲ್ಲ. ಬಾಳೆಹಣ್ಣಿಗೆ ಗ್ರಾಹಕ ಕೊಡುವ ಬೆಲೆಯಲ್ಲಿ ತೋಟದ ಕಾರ್ಮಿಕನಿಗೆ ಸಲ್ಲುವುದು ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಎಂದು ಅಧ್ಯಯನಗಳು ಅಂದಾಜು ಮಾಡಿವೆ. ಬೆಲೆಯನ್ನು ನಿರ್ಧರಿಸುವ ಅಧಿಕಾರ ಯಾರಲ್ಲಿದೆಯೋ ಆ ಬೆಲೆಯ ಪರಿಣಾಮಗಳ ಹೊಣೆಯೂ ಅವರಿಗೇ ಸೇರಬೇಕು. ಅಧಿಕಾರವಿರುವಲ್ಲಿ ಉತ್ತರದಾಯಿತ್ವವೂ ಇರಬೇಕೆಂಬುದು ಸರ್ಕಾರಿ ನೌಕರರಿಗೆ ಮೊದಲ ದಿನ ಹೇಳಿಕೊಡುವ ಪಾಠ. ಅದು ವ್ಯಾಪಾರಿಗೆ ಅನ್ವಯಿಸದೆ ಇರಲು ಕಾರಣವಿಲ್ಲ.

ಸರಬರಾಜು ಸರಪಳಿ ಬಹಳ ಉದ್ದ, ಅದರ ತುದಿಯಲ್ಲಿ ಏನು ನಡೆಯುತ್ತಿದೆಯೆಂದು ನಮಗೆ ಹೇಗೆ ಗೊತ್ತಾಗಬೇಕು ಎಂಬುದು ಈ ಸಂಸ್ಥೆಗಳ ಸಾಮಾನ್ಯ ಸಮಜಾಯಿಷಿ. ಈ ಮಾತನ್ನು ನಂಬಲು ನನಗೆ ಕಷ್ಟವಾಗುತ್ತದೆ. ಯೂರೋಪಿನ ಚಿಲ್ಲರೆ ವ್ಯಾಪಾರ ಸಂಸ್ಥೆಗಳು 1997ರಲ್ಲೇ ಒಂದುಗೂಡಿ ಯೂರೆಪ್‌ಗ್ಯಾಪ್ ಎಂಬ ಕೃಷಿ ಮಾನದಂಡವನ್ನು ರೂಪಿಸಿದವು. 2007ರಲ್ಲಿ ಅದು ಗ್ಲೋಬಲ್‌ಗ್ಯಾಪ್ ಎಂದು ಹೆಸರು ಬದಲಿಸಿಕೊಂಡಿತು. ಈ ಮಾನದಂಡದ ಬಿಸಿ ನಮ್ಮ ರೈತರಿಗೂ ಚೆನ್ನಾಗಿ ತಟ್ಟಿದೆ. ನಾಶಿಕ್, ಸಾಂಗ್ಲಿ, ವಿಜಯಪುರಗಳ ದ್ರಾಕ್ಷಿ ಯೂರೋಪಿಗೆ ಹೋಗಬೇಕಾದರೆ ಅದು ಯಾವ ರೈತನ ಯಾವ ತಾಕಿನಲ್ಲಿ ಬೆಳೆದದ್ದು, ಯಾವ ದಿನ ಯಾವ ಔಷಧ ಸಿಂಪಡಿಸಲಾಯಿತು ಎಂಬುದೆಲ್ಲ ದಾಖಲಾಗಿರಬೇಕು. ಇದಕ್ಕೆಂದೇ ಕೇಂದ್ರದ ಅಪೆಡಾ ಸಂಸ್ಥೆ 2006ರಲ್ಲಿ ಗ್ರೇಪ್‌ನೆಟ್ ಎಂಬ ವ್ಯವಸ್ಥೆಯನ್ನು ಆರಂಭಿಸಿತು. 2010ರಲ್ಲಿ ಕ್ಲೋರ್‌ಮೆಕ್ವಾಟ್ ಎಂಬ ಬೆಳವಣಿಗೆ ನಿಯಂತ್ರಕದ ಶೇಷ ಮಿತಿ ಮೀರಿದೆಯೆಂದು ನಮ್ಮ ದ್ರಾಕ್ಷಿಯ ಕಂಟೇನರ್‌ಗಳು ಯೂರೋಪಿನಲ್ಲಿ ತಿರಸ್ಕೃತವಾದಾಗ ರೈತರು ಅನುಭವಿಸಿದ ನಷ್ಟ ಅಷ್ಟಿಷ್ಟಲ್ಲ. ಅಂದರೆ ಹಣ್ಣಿನ ಗಾತ್ರ, ಬಣ್ಣ, ಸಕ್ಕರೆಯ ಅಂಶ, ಔಷಧದ ಶೇಷ ಇವನ್ನು ಏಳು ಸಾವಿರ ಕಿಲೋಮೀಟರ್ ದೂರದ ತಾಕಿನವರೆಗೆ ಬೆನ್ನಟ್ಟಿ ಪತ್ತೆ ಹಚ್ಚಬಲ್ಲ ಸಾಮರ್ಥ್ಯ ಈ ಸಂಸ್ಥೆಗಳಿಗಿದೆ. ಅದೇ ತಾಕಿನಲ್ಲಿ ಗೊಂಚಲು ಕತ್ತರಿಸುವ ಹೆಂಗಸಿನ ದಿನಗೂಲಿ ಎಷ್ಟು ಎಂಬ ಪ್ರಶ್ನೆ ಬಂದೊಡನೆ ಸರಪಳಿ ಉದ್ದವಾಗಿಬಿಡುತ್ತದೆ! ಕೊರತೆ ಇರುವುದು ಮಾಹಿತಿಯಲ್ಲಲ್ಲ, ಕೇಳುವ ಮನಸ್ಸಿನಲ್ಲಿ.

ನಾವು ಲೆಕ್ಕತಪಾಸಣೆ ಮಾಡಿಸುತ್ತೇವೆ, ತೋಟಗಳಿಗೆ ಪ್ರಮಾಣಪತ್ರವಿದೆ ಎಂಬುದು ಎರಡನೆಯ ಉತ್ತರ. ತಪಾಸಣೆಯ ಬಗ್ಗೆ ನಾನು ಕೊಂಚ ಅಧಿಕಾರದಿಂದ ಮಾತನಾಡಬಲ್ಲೆ. ಸೇವೆಯಲ್ಲಿದ್ದಾಗ ವಿದ್ಯಾರ್ಥಿನಿಲಯಗಳಿಗೂ ಪಡಿತರ ಅಂಗಡಿಗಳಿಗೂ ಮುಂಚಿತವಾಗಿ ಕಾರ್ಯಕ್ರಮ ಕಳುಹಿಸಿ ಹೋದ ದಿನಗಳಲ್ಲಿ ಗೋಡೆಯ ಸುಣ್ಣ ಇನ್ನೂ ಹಸಿಯಾಗಿರುತ್ತಿತ್ತು. ರಿಜಿಸ್ಟರುಗಳು ಒಂದೇ ಶಾಯಿಯಲ್ಲಿ, ಒಂದೇ ಕೈಬರಹದಲ್ಲಿ ಆ ದಿನದವರೆಗೆ ಭರ್ತಿಯಾಗಿರುತ್ತಿದ್ದವು. ಹೇಳದೆ ಹೋದ ದಿನ ಕಂಡದ್ದೇ ಬೇರೆ. ತಪಾಸಣೆಗೆ ಒಳಗಾಗುವವನೇ ತಪಾಸಕನಿಗೆ ಶುಲ್ಕ ಕೊಡುವ, ದಿನಾಂಕವನ್ನು ಮೊದಲೇ ತಿಳಿಸುವ, ಕೂಲಿಕಾರರೊಂದಿಗಿನ ಸಂದರ್ಶನ ಮೇಸ್ತ್ರಿಯ ಎದುರಿನಲ್ಲೇ ನಡೆಯುವ ವ್ಯವಸ್ಥೆಯಿಂದ ಹೊರಬರುವುದು ಪ್ರಮಾಣಪತ್ರವೇ ಹೊರತು ಸತ್ಯವಲ್ಲ. ನನ್ನ ಅನುಭವದಲ್ಲಿ ಅತ್ಯಂತ ಪರಿಣಾಮಕಾರಿ ತಪಾಸಕರೆಂದರೆ ಅಲ್ಲೇ ಇರುವವರು. ತೋಟದ ಮಟ್ಟಿಗೆ ಆ ಕೆಲಸ ಮಾಡಬಲ್ಲದ್ದು ಕಾರ್ಮಿಕರ ಸ್ವತಂತ್ರ ಸಂಘ. ಸಂಘ ಕಟ್ಟಲು ಅವಕಾಶವಿಲ್ಲದ ತೋಟದಲ್ಲಿ ನಡೆಸಿದ ತಪಾಸಣೆಗೆ ಹೆಚ್ಚಿನ ಬೆಲೆ ಕೊಡಬೇಕಾಗಿಲ್ಲ.

ದುರಾಚಾರ ಬಯಲಾದಾಗ ಸೂಪರ್‌ಮಾರ್ಕೆಟ್ ಏನು ಮಾಡಬೇಕು? ಕೀನ್ಯಾದ ಕಕೂಜಿ ಪ್ರಕರಣ ಈ ವಿಷಯದಲ್ಲಿ ಗಮನಾರ್ಹ. ಬ್ರಿಟಿಷ್ ಮೂಲದ ಕಮೀಲಿಯಾ ಸಮೂಹಕ್ಕೆ ಸೇರಿದ ಆ ಬೆಣ್ಣೆಹಣ್ಣಿನ ತೋಟದ ಕಾವಲುಗಾರರ ಮೇಲೆ ಹಲ್ಲೆ, ಅತ್ಯಾಚಾರ, ಕೊಲೆಯಂಥ ಗಂಭೀರ ಆರೋಪಗಳು 2020ರಲ್ಲಿ ಲಂಡನ್ ಪತ್ರಿಕೆಗಳಲ್ಲಿ ಪ್ರಕಟವಾದೊಡನೆ ಟೆಸ್ಕೊ ಅಲ್ಲಿಂದ ಖರೀದಿಯನ್ನು ನಿಲ್ಲಿಸಿತು. 2021ರ ಆರಂಭದಲ್ಲಿ ಕಂಪೆನಿ ತಪ್ಪೊಪ್ಪಿಗೆ ಇಲ್ಲದ ರಾಜಿಗೆ ಬಂದು, ಪರಿಹಾರ ಮತ್ತು ವೆಚ್ಚಗಳಿಗಾಗಿ 46 ಲಕ್ಷ ಪೌಂಡುಗಳವರೆಗೆ ನೀಡಲು ಸಮ್ಮತಿಸಿತು. ದೂರುಗಳ ವಿಚಾರಣೆಗೆ ಒಂದು ವ್ಯವಸ್ಥೆಯೂ ರೂಪುಗೊಂಡಿತು. ಖರೀದಿದಾರನ ಒಂದು ನಿರ್ಧಾರಕ್ಕೆ ಎಷ್ಟು ಬಲವಿದೆಯೆಂಬುದನ್ನು ಇದು ತೋರಿಸುತ್ತದೆ. ಆದರೆ ಇನ್ನೊಂದು ಮುಖವೂ ಇದೆ. ಪತ್ರಿಕೆಯಲ್ಲಿ ಬರುವವರೆಗೆ ಅದೇ ಹಣ್ಣು ಅದೇ ಕಪಾಟಿನಲ್ಲಿ ಮಾರಾಟವಾಗುತ್ತಲೇ ಇತ್ತು. ಖರೀದಿ ನಿಂತಾಗ ಮೊದಲು ಕೆಲಸ ಕಳೆದುಕೊಳ್ಳುವ ಭಯಕ್ಕೆ ಒಳಗಾಗುವವರು ಅನ್ಯಾಯಕ್ಕೆ ತುತ್ತಾದ ಕೂಲಿಗಳೇ. ಕೈತೊಳೆದುಕೊಂಡು ಹೊರಟುಹೋಗುವುದು ಹೊಣೆಗಾರಿಕೆಯಲ್ಲ. ಗಡುವು ಕೊಟ್ಟು, ಸರಿಪಡಿಸಲು ಬೇಕಾದ ಹಣದಲ್ಲಿ ಪಾಲು ಹೊತ್ತು, ಆಮೇಲೂ ಸರಿಹೋಗದಿದ್ದರೆ ಮಾತ್ರ ಹೊರಬರುವುದು ಹೊಣೆಗಾರಿಕೆ.

ಕೂಲಿಯ ಜೊತೆಗೆ ನೀರು ಮತ್ತು ಮಣ್ಣಿನ ಲೆಕ್ಕವೂ ಇದೆ. ಚಿಲಿ ದೇಶದ ಪೆಟೋರ್ಕಾ ಪ್ರದೇಶದಲ್ಲಿ ಬೆಣ್ಣೆಹಣ್ಣಿನ ತೋಟಗಳು ಗುಡ್ಡಗಳನ್ನೆಲ್ಲ ಹಸಿರಾಗಿಸಿದಾಗ ಕೆಳಗಿನ ಹಳ್ಳಿಗಳ ಬಾವಿಗಳು ಬತ್ತಿ, ಜನ ಟ್ಯಾಂಕರ್ ನೀರಿಗೆ ಸಾಲುಗಟ್ಟಿ ನಿಂತರು. 1981ರ ಜಲಸಂಹಿತೆಯು ಅಲ್ಲಿ ನೀರಿನ ಹಕ್ಕನ್ನು ಕೊಳ್ಳುವ ಮಾರುವ ಸರಕನ್ನಾಗಿಸಿತ್ತು. ಆ ಹಣ್ಣಿನ ಮಾರುಕಟ್ಟೆ ಯೂರೋಪಿನ ಸೂಪರ್‌ಮಾರ್ಕೆಟ್. ಇನ್ನು ಬಾಳೆಯ ವಿಷಯಕ್ಕೆ ಬಂದರೆ, ಅಂಗಡಿಗಳು ಒಂದೇ ಅಳತೆಯ, ಒಂದೇ ಬಣ್ಣದ ಹಣ್ಣನ್ನು ಬಯಸುವುದರಿಂದ ರಫ್ತು ತೋಟಗಳೆಲ್ಲ ಕ್ಯಾವೆಂಡಿಶ್ ಎಂಬ ಒಂದೇ ತಳಿಗೆ ಅಂಟಿಕೊಂಡಿವೆ. ಇದಕ್ಕೆ ಮೊದಲು ಆಳಿದ ಗ್ರೋಸ್ ಮಿಶೆಲ್ ತಳಿಯನ್ನು ಪನಾಮಾ ಸೊರಗು ರೋಗ ಕಳೆದ ಶತಮಾನದ ಮಧ್ಯಭಾಗದಲ್ಲೇ ವಾಣಿಜ್ಯ ರಂಗದಿಂದ ಅಳಿಸಿತು. ಆ ರೋಗದ ಹೊಸ ಪ್ರಭೇದ 2019ರಲ್ಲಿ ಕೊಲಂಬಿಯಾವನ್ನೂ 2021ರಲ್ಲಿ ಪೆರುವನ್ನೂ ತಲುಪಿದೆ. ನಂಜನಗೂಡಿನ ರಸಬಾಳೆ ಇದೇ ಸೊರಗು ರೋಗಕ್ಕೆ ಸಿಕ್ಕು ಅಳಿವಿನ ಅಂಚಿಗೆ ಹೋದದ್ದನ್ನು ಕಂಡ ನಮಗೆ ಈ ಅಪಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ತಳಿ ಬದಲಿಸಲು, ಮಣ್ಣನ್ನು ಕಾಪಾಡಲು ರೈತನಿಗೆ ಹಣ ಬೇಕು. ದರಸಮರ ಅವನಿಂದ ಕಸಿದುಕೊಂಡದ್ದು ಆ ಹಣವನ್ನೇ.

ಎಲ್ಲವೂ ಕತ್ತಲೆಯೆಂದು ಹೇಳುವುದು ಅನ್ಯಾಯವಾದೀತು. ಸೇನ್ಸ್‌ಬರೀಸ್ ಮತ್ತು ವೇಟ್‌ರೋಸ್ ಸಂಸ್ಥೆಗಳು 2007ರಲ್ಲಿ ತಾವು ಮಾರುವ ಬಾಳೆಹಣ್ಣನ್ನೆಲ್ಲ ಫೇರ್‌ಟ್ರೇಡ್ ಮುದ್ರೆಯದಾಗಿಸಿದವು. ಕೋ-ಆಪರೇಟಿವ್ ಸಂಸ್ಥೆ 2012ರಲ್ಲಿ ಅದೇ ಹಾದಿ ಹಿಡಿಯಿತು. ಈ ವ್ಯವಸ್ಥೆಯಲ್ಲಿ ಬೆಳೆಗಾರನಿಗೆ ಕನಿಷ್ಠ ಬೆಲೆಯ ಭರವಸೆಯಿದೆ. ಅದರ ಮೇಲೆ 18.14 ಕಿಲೋಗ್ರಾಂನ ಪ್ರತಿ ಪೆಟ್ಟಿಗೆಗೆ ಒಂದು ಡಾಲರ್ ಹೆಚ್ಚುವರಿಯಾಗಿ ಸಂದಾಯವಾಗುತ್ತದೆ, ಅದನ್ನು ಶಾಲೆಗೋ ಮನೆಗೋ ಹೇಗೆ ಬಳಸಬೇಕೆಂಬುದನ್ನು ಬೆಳೆಗಾರರು ಮತ್ತು ಕಾರ್ಮಿಕರೇ ತೀರ್ಮಾನಿಸುತ್ತಾರೆ. 2023ರಲ್ಲಿ ಬ್ರಿಟನ್ನಿನ ಒಂಬತ್ತು ಪ್ರಮುಖ ಸಂಸ್ಥೆಗಳು ತಮ್ಮ ಬಾಳೆ ತೋಟಗಳ ಕಾರ್ಮಿಕರಿಗೆ 2027ರ ಅಂತ್ಯದೊಳಗೆ ಜೀವನವೇತನ ದೊರಕಿಸುವುದಾಗಿ ಒಟ್ಟಾಗಿ ಮಾತು ಕೊಟ್ಟವು. ಸ್ಪರ್ಧಿಗಳು ಒಟ್ಟಿಗೆ ಹೆಜ್ಜೆಯಿಟ್ಟರೆ ಯಾರಿಗೂ ನಷ್ಟವಿಲ್ಲ ಎಂಬ ಸರಳ ಸತ್ಯವನ್ನು ಮನಗಾಣಲು ಅವುಗಳಿಗೆ ಇಪ್ಪತ್ತು ವರ್ಷ ಬೇಕಾಯಿತು.

ಆದರೂ ಸ್ವಯಂಪ್ರೇರಿತ ವಾಗ್ದಾನಕ್ಕೆ ಒಂದು ಮಿತಿಯಿದೆ. ಮಾತಿಗೆ ತಪ್ಪಿದವನಿಗೆ ಶಿಕ್ಷೆಯಿಲ್ಲ, ಮಾತನ್ನೇ ಕೊಡದವನಿಗೆ ಲಾಭ. ಇಲ್ಲಿ ಕಾನೂನು ಪ್ರವೇಶಿಸಬೇಕು. ಬ್ರಿಟನ್ 2010ರಲ್ಲಿ ದಿನಸಿ ಪೂರೈಕೆ ಸಂಹಿತೆಯನ್ನು ಜಾರಿಗೆ ತಂದು, 2013ರಲ್ಲಿ ಅದರ ಪಾಲನೆಗೆ ಒಬ್ಬ ನ್ಯಾಯನಿರ್ಣಾಯಕರನ್ನು ನೇಮಿಸಿತು. ವಹಿವಾಟಿನ ಶೇಕಡ 1ರವರೆಗೆ ದಂಡ ವಿಧಿಸುವ ಅಧಿಕಾರ ಅವರಿಗಿದೆ. ಆದರೆ ರಕ್ಷಣೆ ದೊರೆಯುವುದು ಸೂಪರ್‌ಮಾರ್ಕೆಟ್‌ಗೆ ನೇರವಾಗಿ ಮಾರುವವರಿಗೆ ಮಾತ್ರ. ರಫ್ತುದಾರನ ಮೂಲಕ ಮಾರುವ ಈಕ್ವೆಡಾರ್‌ನ ಸಣ್ಣ ರೈತ ಅದರ ಹೊರಗೇ ಉಳಿದ. 2015ರ ಆಧುನಿಕ ಗುಲಾಮಗಿರಿ ಕಾಯ್ದೆಯ ಪ್ರಕಾರ 3.6 ಕೋಟಿ ಪೌಂಡಿಗೆ ಮೇಲ್ಪಟ್ಟ ವಹಿವಾಟಿನ ಕಂಪೆನಿಗಳು ಸರಪಳಿಯಲ್ಲಿ ಗುಲಾಮಗಿರಿ ತಡೆಯಲು ಕೈಗೊಂಡ ಕ್ರಮಗಳ ಹೇಳಿಕೆಯನ್ನು ಪ್ರತಿವರ್ಷ ಪ್ರಕಟಿಸಬೇಕು. ಯಾವ ಕ್ರಮವನ್ನೂ ಕೈಗೊಂಡಿಲ್ಲ ಎಂದು ಬರೆದರೂ ಕಾಯ್ದೆಯ ಪಾಲನೆಯಾದಂತೆಯೇ! ಹಾವೂ ಸಾಯದ, ಕೋಲೂ ಮುರಿಯದ ಇಂಥ ಕರಡುಗಳನ್ನು ರಚಿಸುವ ಕಲೆ ನಮ್ಮ ಸಚಿವಾಲಯಗಳಿಗೆ ಮಾತ್ರ ಸಿದ್ಧಿಸಿದೆಯೆಂದು ನಾನು ತಿಳಿದಿದ್ದೆ. ಐರೋಪ್ಯ ಒಕ್ಕೂಟ 2019ರಲ್ಲಿ ಬೇಗ ಕೆಡುವ ಸರಕಿನ ಹಣವನ್ನು 30 ದಿನಗಳೊಳಗೆ ಪಾವತಿಸಬೇಕೆಂಬ ನಿರ್ದೇಶನ ಹೊರಡಿಸಿ, ಹೊರದೇಶಗಳ ಪೂರೈಕೆದಾರರಿಗೂ ಅದನ್ನು ಅನ್ವಯಿಸಿದ್ದು ಸ್ವಾಗತಾರ್ಹ. ಆದರೆ ಸರಪಳಿಯುದ್ದಕ್ಕೂ ಮಾನವ ಹಕ್ಕು ಮತ್ತು ಪರಿಸರದ ಹೊಣೆಯನ್ನು ಕಂಪೆನಿಗಳ ಮೇಲೆ ಹೊರಿಸಲು 2024ರಲ್ಲಿ ಅಂಗೀಕರಿಸಿದ ನಿರ್ದೇಶನದ ಜಾರಿಯನ್ನು ಉದ್ಯಮಗಳ ಒತ್ತಡದ ನಡುವೆ 2025ರಲ್ಲೇ ಮುಂದೂಡಿತು.

ಹೀಗೆ ಹೊಣೆ ಹೊರಿಸಿದರೆ ಹಣ್ಣು ಬಡವರ ಕೈಗೆಟುಕದಂತಾಗುತ್ತದೆ ಎಂಬ ಆಕ್ಷೇಪವನ್ನು ಗಂಭೀರವಾಗಿಯೇ ಪರಿಶೀಲಿಸಬೇಕು. ಸರಳ ಲೆಕ್ಕ ಹಾಕಿ ನೋಡಿ. ಕಾರ್ಮಿಕನ ಪಾಲು ಬೆಲೆಯ ಹತ್ತನೇ ಒಂದು ಭಾಗವೆಂದೇ ಇಟ್ಟುಕೊಳ್ಳೋಣ. ಅವನ ಕೂಲಿಯನ್ನು ಕಾಲು ಭಾಗ ಹೆಚ್ಚಿಸಿದರೆ ಬೆಲೆ ಏರಬೇಕಾದದ್ದು ಶೇಕಡ ಎರಡೂವರೆ. 11 ಪೆನ್ನಿಯ ಹಣ್ಣಿನ ಮೇಲೆ ಅದು ಹೆಚ್ಚುಕಡಿಮೆ ಕಾಲು ಪೆನ್ನಿ. ಇಷ್ಟಕ್ಕೆ ಯಾವ ಬಡವನ ಮನೆಯ ಹಣ್ಣಿನ ಬುಟ್ಟಿಯೂ ಬರಿದಾಗದು. ವಿದೇಶಿ ಹಣ್ಣನ್ನೇ ತಿನ್ನಬಾರದು ಎಂಬ ವಾದವೂ ನನ್ನದಲ್ಲ. ರಫ್ತಿನಿಂದಲೇ ಜೀವಿಸುವ ಲಕ್ಷಾಂತರ ಕುಟುಂಬಗಳು ಆ ದೇಶಗಳಲ್ಲಿವೆ, ಹಡಗಿನಲ್ಲಿ ಬರುವ ಬಾಳೆಹಣ್ಣು ವಿಮಾನದಲ್ಲಿ ಬರುವ ಹಣ್ಣುಗಳಿಗಿಂತ ಪರಿಸರಕ್ಕೆ ಎಷ್ಟೋ ಹಗುರ. ವ್ಯಾಪಾರ ನಡೆಯಲಿ, ಅದರ ಪೂರ್ಣ ಬೆಲೆಯನ್ನು ತೆತ್ತು ನಡೆಯಲಿ.

ಈಗ ನಮ್ಮ ವಿಷಯ. ಬೆಂಗಳೂರಿನ ಸೂಪರ್‌ಮಾರ್ಕೆಟ್‌ಗಳಲ್ಲಿ ಇಂದು ವಾಷಿಂಗ್ಟನ್ನಿನ ಸೇಬು, ನ್ಯೂಜಿಲೆಂಡಿನ ಕಿವಿ, ಪೆರುವಿನ ಬ್ಲೂಬೆರಿ, ತಾಂಜಾನಿಯಾದ ಬೆಣ್ಣೆಹಣ್ಣು ಸಾಲಾಗಿ ಕುಳಿತಿವೆ. ಇಷ್ಟು ಕಾಲ ಶ್ರೀಮಂತ ರಾಷ್ಟ್ರಗಳ ಖರೀದಿದಾರರ ಷರತ್ತುಗಳಿಗೆ ತಲೆಬಾಗಿದ ನಾವು ಈಗ ಸ್ವತಃ ಖರೀದಿದಾರರಾಗಿದ್ದೇವೆ. ಬಂದರಿನಲ್ಲಿ ನಮ್ಮ ಅಧಿಕಾರಿಗಳು ಕೀಟವಿದೆಯೇ, ವಿಷದ ಶೇಷವಿದೆಯೇ ಎಂದು ನೋಡುತ್ತಾರೆ. ಬೆಳೆದವರ ಸ್ಥಿತಿ ಹೇಗಿದೆಯೆಂದು ಕೇಳುವವರಿಲ್ಲ. ಷೇರುಪೇಟೆಯ ಅಗ್ರ 1000 ಕಂಪೆನಿಗಳು 2022-23ರಿಂದ ಸಾಮಾಜಿಕ, ಪರಿಸರ ಹೊಣೆಗಾರಿಕೆಯ ವರದಿ ಸಲ್ಲಿಸಬೇಕೆಂದು ಸೆಬಿ ವಿಧಿಸಿದೆ. ಆದರೆ ಹಣ್ಣು ಬೆಳೆದ ತೋಟ ಯಾವುದೆಂದು ಗ್ರಾಹಕನಿಗೆ ತಿಳಿಸಬೇಕೆಂಬ ನಿಯಮ ಅದರಲ್ಲಿಲ್ಲ. ಹಣ್ಣಿನ ಮೂಲವನ್ನು ವಿಚಾರಿಸುವುದು ನಮ್ಮಿಂದಾಗದ ಕೆಲಸವೂ ಅಲ್ಲ. 2025ರ ಮೇ ತಿಂಗಳಲ್ಲಿ ರಾಜಕೀಯ ಕಾರಣಕ್ಕೆ ಪುಣೆಯ ವರ್ತಕರು ಟರ್ಕಿಯ ಸೇಬನ್ನು ಬಹಿಷ್ಕರಿಸಿದಾಗ, ಯಾವ ಪೆಟ್ಟಿಗೆ ಎಲ್ಲಿಂದ ಬಂತೆಂಬುದು ಒಂದೇ ದಿನದಲ್ಲಿ ಎಲ್ಲರಿಗೂ ತಿಳಿದುಬಿಟ್ಟಿತು.

ಸೂಪರ್‌ಮಾರ್ಕೆಟ್‌ಗಳು ವಿದೇಶದಿಂದ ತರಿಸುವ ಹಣ್ಣಿನ ತೋಟಗಳ ಪಟ್ಟಿಯನ್ನು ಪ್ರಕಟಿಸಲಿ. ಸುಸ್ಥಿರ ಉತ್ಪಾದನಾ ವೆಚ್ಚಕ್ಕಿಂತ ಕಡಿಮೆ ಬೆಲೆಗೆ ಖರೀದಿಸುವುದನ್ನು ಕಾನೂನು ನಿಷೇಧಿಸಲಿ. ಉತ್ಪಾದನಾ ವೆಚ್ಚವನ್ನೇ ಮಿತಿಯಾಗಿಟ್ಟುಕೊಂಡು ಸ್ಪೇನ್ 2020ರಿಂದ ತನ್ನ ಆಹಾರ ಸರಪಳಿ ಕಾಯ್ದೆಯಲ್ಲಿ ಈ ದಿಕ್ಕಿನಲ್ಲಿ ಮುನ್ನಡೆದಿದೆ. ಬೆಳೆಗಾರರೊಂದಿಗೆ ಒಂದು ಹಂಗಾಮಿನದಲ್ಲ, ಹಲವು ವರ್ಷಗಳ ಕರಾರು ಆಗಲಿ. ಕಾರ್ಮಿಕ ಸಂಘಕ್ಕೆ ಅವಕಾಶವಿಲ್ಲದ ತೋಟದ ಪ್ರಮಾಣಪತ್ರಕ್ಕೆ ಮಾನ್ಯತೆ ಬೇಡ. ಇವೇ ನಿಯಮಗಳು ನಮ್ಮ ನೆಲದ ಹಣ್ಣಿಗೂ ಅನ್ವಯಿಸಲಿ. ಮನೆಯ ಕೂಲಿಗೆ ಒಂದು ನ್ಯಾಯ, ಹೊರಗಿನ ಕೂಲಿಗೆ ಇನ್ನೊಂದು ನ್ಯಾಯ ಎಂದಾಗಬಾರದು. ನಮ್ಮಲ್ಲಿ ಸಂಘಟಿತ ಚಿಲ್ಲರೆ ವ್ಯಾಪಾರ ಇನ್ನೂ ನಾಲ್ಕಾರು ಕೈಗಳ ಹಿಡಿತಕ್ಕೆ ಪೂರ್ತಿ ಸಿಕ್ಕಿಲ್ಲ. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಬದಲು ಈಗಲೇ ನಿಯಮ ರೂಪಿಸುವುದು ವಿವೇಕ.

ಹಣ್ಣಿನ ಮೇಲಿನ ಪುಟ್ಟ ಚೀಟಿಯಲ್ಲಿ ಇಂದು ಕಂಪೆನಿಯ ಹೆಸರಿದೆ, ದೇಶದ ಹೆಸರಿದೆ, ಬೆಲೆ ಕೂಡಿಸಲು ಸಂಖ್ಯೆಯಿದೆ. ಇಷ್ಟನ್ನು ಅಚ್ಚು ಹಾಕಿಸಬಲ್ಲ ವ್ಯಾಪಾರಿಗೆ ಆ ಹಣ್ಣನ್ನು ಕಿತ್ತ ಕೈಗೆ ಏನು ಸಂದಿತೆಂದು ಹೇಳಲಾಗದು ಎಂಬ ಮಾತನ್ನು ನಾವು ಇನ್ನು ಮುಂದೆ ಒಪ್ಪಬೇಕಾಗಿಲ್ಲ.